ಬೆರಳಗಲದ ಬಿಸಿಲು

ಹಿಟ್ಟು ಇನ್ನೂ ಕೈಗೆ ಅಂಟುತ್ತಿತ್ತು. ನಜ್ಲಾ ಇನ್ನೊಂದು ಹಿಡಿ ಒಣಹಿಟ್ಟು ಉದುರಿಸಿ ಮುಷ್ಟಿಯಿಂದ ಒತ್ತಿದಳು, ಮಡಚಿದಳು, ಮತ್ತೆ ಒತ್ತಿದಳು. ಹುಳಿ ಬರಲು ಬಿಡದೆ, ನಾದಿದ ಕೂಡಲೇ ತಟ್ಟಿ ಹೆಂಚಿಗೆ ಹಾಕಬೇಕು. ಪಸ್ಕ ಹಬ್ಬದ ರೊಟ್ಟಿಗೆ ಅವಸರವೇ ಉಪ್ಪು ಎನ್ನುವಂತೆ ಅವಳ ಅತ್ತೆ ಬೆನ್ನ ಹಿಂದೆಯೇ ನಿಂತು ಅವಸರಪಡಿಸುತ್ತಿದ್ದರು. ಅತ್ತೆ ತೀರಿಕೊಂಡು ಒಂಬತ್ತು ವರ್ಷವಾದರೂ ಈ ದಿನ ಮಾತ್ರ ನಜ್ಲಾಗೆ ಬೆನ್ನ ಹಿಂದೆ ಯಾರೋ ನಿಂತಿದ್ದಾರೆ ಅನ್ನಿಸುವುದು ತಪ್ಪಿರಲಿಲ್ಲ. ಎದುರಿಗೆ ನಾದಿನಿ ಸಮೀಹಾ ಒಲೆಯ ಮೇಲೆ ಬೋರಲು ಹಾಕಿದ ಕಬ್ಬಿಣದ ಹೆಂಚಿಗೆ ತೆಳ್ಳಗಿನ ರೊಟ್ಟಿಗಳನ್ನು ಹರಡಿ, ಬೆರಳ ತುದಿಯಲ್ಲೇ ತಿರುವಿ, ಬಿಳಿ ಬಟ್ಟೆಯ ಮೇಲೆ ಒಂದರ ಮೇಲೊಂದು ಎಸೆಯುತ್ತಿದ್ದಳು. ಹದಿನೇಳೋ ಹದಿನೆಂಟೋ ಆಗಿದ್ದವು. ಆಗಲೇ ಕಿಬ್ಬೊಟ್ಟೆಯ ಆಳದಲ್ಲಿ ಯಾವುದೋ ಹಳೆಯ ಹಿಡಿತ ಸಡಿಲವಾದಂತಾಗಿ, ಬೆಚ್ಚಗಿನ ತೇವವೊಂದು ಇಳಿಯಿತು. ಬೆವರು ಅಂದುಕೊಂಡಳು. ಒಲೆಯ ಕಾವಿಗೆ ಬೆವರು ಬರುವುದು ಸಹಜ. ಆದರೆ ನಲವತ್ತು ವರ್ಷ ತಿಂಗಳು ತಿಂಗಳು ಗುರುತಿಸಿದ ಆ ತೇವವನ್ನು ಬೆವರು ಎಂದು ಕರೆಯಲು ಮನಸ್ಸಿಗಿಂತ ಮೊದಲು ಮೈಯೇ ಒಪ್ಪಲಿಲ್ಲ. ಎಂಟು ತಿಂಗಳಿಂದ ನಿಂತೇ ಹೋಗಿತ್ತು. ಸಮೀಹಾ ತನ್ನ ಮನೆಗೆ ಕರೆದು, ಓರಗೆಯ ಹೆಂಗಸರನ್ನೆಲ್ಲ ಸೇರಿಸಿ, ಕಡಲೆ ಮಿಠಾಯಿ ಹಂಚಿ, "ಇನ್ಮೇಲೆ ನೀನು ನಮ್ಮ ಪಾರ್ಟಿ, ಉಮ್ ಯೆಫೆತ್. ಆ ಹಿಂದಿನ ಕೋಣೆ ಬೀಗದಕೈ ಸೊಸೆ ಕೈಗೆ ಕೊಟ್ಟುಬಿಡು" ಎಂದಿದ್ದಳು; ಊರಿನಲ್ಲಿ ಅವಳನ್ನು ಕರೆಯುವುದೇ ಹಾಗೆ, ಮಗ ಯೆಫೆತ್‌ನ ತಾಯಿ ಎಂದು. ಕೊಟ್ಟಿದ್ದಳು. ತನ್ನ ಚಾಪೆ, ತನ್ನ ತಟ್ಟೆ, ತನ್ನ ಲೋಟ ಎಲ್ಲವನ್ನೂ ತೆಗೆದು, ಮೂವತ್ತು ವರ್ಷ ತಿಂಗಳಿಗೆ ಏಳು ದಿನ ತಾನು ಹೊರಗೆ ಕೂತಿದ್ದ ಆ ಕೋಣೆಗೆ ಸುಣ್ಣ ಬಳಿಸಿ ಕೊಟ್ಟಿದ್ದಳು. ಈಗ ಕೈಗಳು ಮೊಣಕೈವರೆಗೆ ಹಿಟ್ಟಿನಲ್ಲಿದ್ದವು. ಅವಳು ಒತ್ತಿದಳು, ಮಡಚಿದಳು, ಮತ್ತೆ ಒತ್ತಿದಳು.

"ಯಾಕೆ, ಕೈ ನಿಂತುಬಿಡ್ತು?" ಎಂದಳು ಸಮೀಹಾ.

"ಎಲ್ಲಿ ನಿಂತಿದೆ?"

"ಬೇಗ ಬೇಗ. ಇಲ್ಲಾಂದ್ರೆ ಸೊಸೆ ಫೋನಲ್ಲಿ ಜೆರುಸಲೇಮ್‌ನ ಸೂರ್ಯ ಮುಳುಗಿಬಿಡುತ್ತೆ!" ಎಂದು ಸಮೀಹಾ ಹೆಂಚಿನ ಮೇಲೆ ಬಗ್ಗಿ ನಕ್ಕಳು. ಆರು ದಿನಗಳಿಂದ ಬೆಟ್ಟದ ಮೇಲಿನ ಪ್ರತಿಯೊಂದು ಮನೆಯಲ್ಲೂ ಇದೇ ನಗೆ. ಅದು ನಜ್ಲಾಳದೇ ಮಾತು. ಬದುಕಿನಲ್ಲಿ ಅವಳು ಆಡಿದ ಒಂದೇ ಒಂದು ಮಾತು ಹೀಗೆ ಊರೆಲ್ಲ ತಿರುಗಿದ್ದು. ಅಂಥ ಮಾತು ತನ್ನ ಬಾಯಿಂದ ಬಂತಲ್ಲ ಎಂದು ಮೊದಲ ದಿನ ಅವಳಿಗೆ ಒಳಗೊಳಗೇ ಹಿಗ್ಗೂ ಆಗಿತ್ತು.

ಕಳೆದ ಮಂಗಳವಾರ ಅವಳು ತಾರಸಿಯ ಮೇಲೆ ಒಣಗಿದ ಹಾಸಿಗೆ ಬಟ್ಟೆ ತೆಗೆಯುತ್ತಿದ್ದಳು. ಗಾಳಿ ಕಡಲ ಕಡೆಯಿಂದ ಬೀಸುತ್ತಿತ್ತು. ಪಡುವಣದ ಗುಡ್ಡಸಾಲಿನ ಮೇಲೆ ಸೂರ್ಯ ಇನ್ನೂ ಇದ್ದ. ಅವಳಿಗೆ ಚೆನ್ನಾಗಿ ನೆನಪಿದೆ: ತೋಳು ಚಾಚಿ ಅಡ್ಡಬೆರಳು ಹಿಡಿದರೆ ಗುಡ್ಡಕ್ಕೂ ಅವನಿಗೂ ನಡುವೆ ಸರಿಯಾಗಿ ಒಂದು ಬೆರಳಗಲ. ಹಾಸಿಗೆ ಬಟ್ಟೆಗಳೆಲ್ಲ ಕಿತ್ತಳೆ ಬಣ್ಣಕ್ಕೆ ತಿರುಗಿದ್ದವು. ಆಗ ಮೆಟ್ಟಿಲ ಮೇಲೆ ಲಿಯಾತ್ ಬಂದು ನಿಂತಳು. ಮದುವೆಯಾಗಿ ಐದು ತಿಂಗಳಾಗಿದ್ದ ಸೊಸೆ. ಕಡಲ ಕಡೆಯ ಊರಿನ ಯೆಹೂದಿ ಹುಡುಗಿ, ಹೋಲೋನ್‌ನಲ್ಲಿ ಯೆಫೆತ್ ಕೆಲಸಕ್ಕಿದ್ದಾಗ ಕಂಡು ಮೆಚ್ಚಿ ತಂದವಳು. ಎರಡು ಹೆಜ್ಜೆ ದೂರದಲ್ಲೇ ನಿಂತು, ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, "ಅತ್ತೆ, ನನಗೆ ಆಯ್ತು. ಈಗಷ್ಟೆ" ಎಂದಳು. ಆಮೇಲೆ ಅವಸರದಲ್ಲಿ, "ಇವತ್ತೇ ಮೊದಲನೇ ದಿನ ಅಲ್ವಾ? ಸೋಮವಾರ ಸಂಜೆಗೆ ಏಳು ಮುಗಿಯುತ್ತೆ. ಸ್ನಾನ ಮಾಡಿ ಹಬ್ಬಕ್ಕೆ ಬರಬಹುದು. ಫೋನಲ್ಲಿ ನೋಡಿದೆ, ಸೂರ್ಯ ಮುಳುಗೋಕೆ ಇನ್ನೂ ಹನ್ನೊಂದು ನಿಮಿಷ ಇದೆ" ಎಂದು ಫೋನನ್ನು ಮುಂದಕ್ಕೆ ಹಿಡಿದಳು. ಪರದೆಯ ಮೇಲೆ ಸೂರ್ಯನ ಪುಟ್ಟ ಚಿತ್ರ, ಅದರ ಕೆಳಗೆ ಊರಿನ ಹೆಸರು: ಜೆರುಸಲೇಮ್. ತಪ್ಪೇನಿತ್ತು ಅದರಲ್ಲಿ? ಹುಡುಗಿ ಹುಟ್ಟಿದ ಮನೆಯಲ್ಲಿ ಎಲ್ಲ ಸಮಯಗಳೂ ಆ ಊರಿನವೇ. ಫೋನೂ ಅವಳ ಜೊತೆ ಹಾಗೇ ಬಂದಿತ್ತು. ಆದರೆ ಆ ಕ್ಷಣ ನಜ್ಲಾಗೆ ಕಂಡದ್ದು ಇಪ್ಪತ್ತೊಂಬತ್ತು ವರ್ಷದ ಹಿಂದಿನ ಒಂದು ಆಸ್ಪತ್ರೆಯ ಮೇಜು. ಯೆಫೆತ್ ಹುಟ್ಟುವ ಹೊತ್ತು, ನೋವು ಸೊಂಟಕ್ಕೆ ಏರಿತ್ತು, ಕಾಗದ ತುಂಬುತ್ತಿದ್ದ ನರ್ಸು "ಧರ್ಮ?" ಎಂದಳು. ಹೇಳಿದಾಗ ಪಕ್ಕದ ಇನ್ನೊಬ್ಬ ನರ್ಸಿನತ್ತ ತಿರುಗಿ, "ಇವರು ಅರಬರಾ, ನಮ್ಮವರಾ?" ಎಂದು ಕೇಳಿದಳು. "ಎರಡೂ ಅಲ್ಲ. ಜೆರುಸಲೇಮ್ ಒಪ್ಪದವರು, ಎಲ್ಲಿಂದಲೋ ಬಂದು ನಮ್ಮ ಪುಸ್ತಕ ಓದೋರು" ಎಂದಳು ಆ ಪಕ್ಕದವಳು, ಯಾವ ಕೆಟ್ಟ ಮನಸ್ಸೂ ಇಲ್ಲದೆ, ಉಗುರು ನೋಡಿಕೊಳ್ಳುತ್ತಾ. ಬೆಟ್ಟದ ಕೆಳಗಿನ ಅರಬರ ಊರು ನಾಬ್ಲಸ್‌ನಲ್ಲಿ ಶಾಲೆಯ ಹುಡುಗಿಯರು ಅವಳನ್ನು ಯೆಹೂದಿ ಎನ್ನುತ್ತಿದ್ದರು. ಯೆಹೂದ್ಯರ ಆಸ್ಪತ್ರೆಯಲ್ಲಿ ಅವಳು ಪುಸ್ತಕ ಕದ್ದವಳು. ಮೋಶೆಯ ಐದು ಪುಸ್ತಕ ಯೆಹೂದ್ಯರಿಗೂ ಅವೇ, ಬೆಟ್ಟದ ಮೇಲಿನ ಇವರಿಗೂ ಅವೇ. ದೇವರು ಆರಿಸಿದ ಬೆಟ್ಟ ಯಾವುದು, ಜೆರುಸಲೇಮಿನದೋ ಈ ಗೆರಿಜ್ಜೀಮೋ ಎನ್ನುವಲ್ಲಿ ಮಾತ್ರ ಎರಡೂವರೆ ಸಾವಿರ ವರ್ಷದಿಂದ ದಾಯಾದಿಗಳು ಮುಖ ತಿರುಗಿಸಿ ಕೂತಿದ್ದಾರೆ. ಆ ನರ್ಸಿಗೆ ಹೇಳಬೇಕಾಗಿದ್ದ ಉತ್ತರವನ್ನು ಅವಳು ಇಪ್ಪತ್ತೊಂಬತ್ತು ವರ್ಷ ಹುಡುಕಿದ್ದಳು. ಸಿಕ್ಕಿದ್ದು ತಾರಸಿಯ ಮೇಲೆ, ಹೇಳಿದ್ದು ಈ ಹುಡುಗಿಗೆ. "ಜೆರುಸಲೇಮ್‌ನ ಸೂರ್ಯನ್ನ ತಂದು ಗೆರಿಜ್ಜೀಮ್ ಬೆಟ್ಟಕ್ಕೆ ಲೆಕ್ಕ ಹೇಳ್ಬೇಡ ತಾಯಿ. ಇಲ್ಲಿ ಅವನು ಮುಳುಗಿ ಆಯ್ತು." ಲಿಯಾತ್ ತಿರುಗಿ ನೋಡುವಷ್ಟರಲ್ಲಿ ನಜ್ಲಾ ದೊಡ್ಡ ಹಾಸಿಗೆ ಬಟ್ಟೆಯೊಂದನ್ನು ಇಬ್ಬರ ನಡುವೆ ಝಾಡಿಸಿ ಎತ್ತಿ ಹಿಡಿದಿದ್ದಳು. ಒಣಗಿದ್ದನ್ನೆಲ್ಲ ಹಾಗೇ ಒಂದೊಂದಾಗಿ ಅಡ್ಡ ಹಿಡಿದು ಮಡಚಿ ಮುಗಿಸುವಷ್ಟರಲ್ಲಿ ಸೂರ್ಯ ನಿಜವಾಗಿಯೂ ಇರಲಿಲ್ಲ.

ಸೂರ್ಯ ಮುಳುಗಿದರೆ ಬೆಟ್ಟದ ಲೆಕ್ಕದಲ್ಲಿ ಮರುದಿನ ಶುರು; ಹಾಗಾಗಿ ಮಂಗಳವಾರ ಲೆಕ್ಕಕ್ಕೆ ಬರಲಿಲ್ಲ. ಬುಧವಾರ ಮೊದಲನೆಯ ದಿನವಾಯಿತು. ಏಳನೆಯದು ನಾಳೆ ಸಂಜೆಗೆ. ಇವತ್ತು ಸಂಜೆ ಊರಿಗೆ ಊರೇ ಬಲಿಯ ಅಂಗಳದಲ್ಲಿ ಸೇರಿ, ಕುರಿ ಕಡಿದು, ನೆಲದೊಳಗಿನ ಬೆಂಕಿಗುಂಡಿಯಲ್ಲಿ ಇಳಿಬಿಟ್ಟು ಬೇಯಿಸಿ ಉಣ್ಣುವಾಗ ಲಿಯಾತ್ ಮಾತ್ರ ಹಿಂದಿನ ಕೋಣೆಯಲ್ಲಿರುತ್ತಾಳೆ. ತಪ್ಪಿಸಿಕೊಂಡವರಿಗೆ ಎರಡನೇ ತಿಂಗಳಲ್ಲಿ ಇನ್ನೊಂದು ಪಸ್ಕ ಉಂಟು ಎಂದು ಪುಸ್ತಕದಲ್ಲಿದೆ ನಿಜ. ಒಬ್ಬ ಸೊಸೆಗಾಗಿ ಯಾರು ಗುಂಡಿ ಉರಿಸುತ್ತಾರೆ? ಆ ದಿನ ಯೆಫೆತ್ ಒಂದೇ ಸಲ ಕೇಳಿದ್ದ: "ಅಮ್ಮ, ನೀನು ನಿಜವಾಗ್ಲೂ ನೋಡಿದ್ಯಾ?" "ನಿನ್ನನ್ನ ಹೆತ್ತವಳ ಕಣ್ಣು ಇದು, ನಂಬಿಕೆ ಇಲ್ವಾ?" ಎಂದಿದ್ದಳು. ಅವನು ಮತ್ತೆ ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು. ಅಷ್ಟರಲ್ಲಿ ಗಂಡ ವಾಸಿಫ್ ಜೆರುಸಲೇಮ್‌ನ ಸೂರ್ಯನ ಆ ಮಾತನ್ನು ಯಾಜಕರ ಮನೆಯ ಜಗಲಿಯಲ್ಲಿ ಕಾಫಿ ಕುಡಿಯುತ್ತಾ ಹೇಳಿ ಎಲ್ಲರನ್ನೂ ನಗಿಸಿ ಬಂದಾಗಿತ್ತು. ಅಷ್ಟು ಜನ ನಕ್ಕ ಮೇಲೆ ಅದು ಸುಳ್ಳು ಎನ್ನುವುದು ಹೇಗೆ?

ಹಿಟ್ಟಿನ ಮೊದಲ ಬೋಗುಣಿ ಮುಗಿದಾಗ ನಜ್ಲಾ ಕೈ ತೊಳೆದು ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡಳು. ಇತ್ತು. ಕಡುಗೆಂಪು, ಅಂಗೈಯಗಲ. ಎಂಟು ತಿಂಗಳು ಎಲ್ಲಿ ಅಡಗಿ ಕೂತಿತ್ತೋ, ಇವತ್ತೇ ಬಂದಿತ್ತು. ಅವಳು ಗೋಡೆಗೆ ಹಣೆಯೊತ್ತಿ ನಿಂತಳು. ಈಗ ಹೊರಗೆ ಹೋಗಿ ಒಂದು ಮಾತು ಹೇಳಬೇಕು, ಅಷ್ಟೆ. ಹೇಳಿದರೆ ಹೊರಗಿರುವ ರೊಟ್ಟಿಯೆಲ್ಲ ಮೈಲಿಗೆ. ಬೋಗುಣಿ, ಬಟ್ಟೆ, ಅವಳು ಕೂತಿದ್ದ ಮಣೆ ಎಲ್ಲವೂ ಮೈಲಿಗೆ. ಅವಳು ನಾದಿದ ಹಿಟ್ಟು ಮುಟ್ಟಿ ರೊಟ್ಟಿ ಹರಡಿದ ಸಮೀಹಾ ಕೂಡ ಸಂಜೆವರೆಗೆ ಮೈಲಿಗೆ. ಅವಳು ಮಿಠಾಯಿ ಹಂಚಿದ್ದು, ಹೆಂಗಸರು ನಕ್ಕಿದ್ದು, ಎಲ್ಲವೂ ತಿರುಗಿ ಬರುತ್ತದೆ. ಮತ್ತೆ ಇವತ್ತು ರಾತ್ರಿ ಹೆಂಗಸರ ಪಂಕ್ತಿಯಲ್ಲಿ ಮೊದಲ ತುಂಡು ಎತ್ತಿ ಕೊಡಬೇಕಾದವಳು ಅವಳು, ಅತ್ತೆ ಇದ್ದಾಗ ಅತ್ತೆ ಕೊಡುತ್ತಿದ್ದಂತೆ. ಹೊಸ ಸೊಸೆಯಾಗಿ ಬಂದ ವರ್ಷ ಅತ್ತೆ ಬಿಸಿ ಮಾಂಸವನ್ನು ಊದಿ ಊದಿ ಆರಿಸಿ, ಕಹಿ ಸೊಪ್ಪಿನ ಎಲೆಯಲ್ಲಿ ಸುತ್ತಿ, ನಜ್ಲಾಳ ಬಾಯಿಗೇ ಇಟ್ಟಿದ್ದರು. ಅವರ ಬೆರಳಿನ ಬೂದಿಯ ರುಚಿ ಇನ್ನೂ ನಾಲಿಗೆಯ ಮೇಲಿದೆ. ಆವತ್ತಿನಿಂದ ಈ ಮನೆ ಅವಳದಾಗಿತ್ತು. ನಜ್ಲಾ ಬಟ್ಟೆ ಮಡಚಿ ಇಟ್ಟುಕೊಂಡು, ಕೈಗಳನ್ನು ಮೂರು ಸಲ ಸೋಪು ಹಚ್ಚಿ ತೊಳೆದು ಹೊರಗೆ ಬಂದಳು. ಎರಡನೆಯ ಬೋಗುಣಿಗೆ ಹಿಟ್ಟು ಸುರಿದಳು. ನೀರು ಹಾಕಿದಳು. ಬೆರಳುಗಳು ತಮ್ಮಷ್ಟಕ್ಕೆ ತಾವು ನಾದತೊಡಗಿದವು. ಅವನ್ನು ಬೇರೆ ಯಾರದೋ ಕೈಗಳೆಂಬಂತೆ ನೋಡುತ್ತಾ ಕೂತಳು. ತನ್ನದೇ ಮೈ ತನಗೆ ಹೇಳಿದ ಹೊತ್ತನ್ನು ತಾನು ಒಪ್ಪುತ್ತಿಲ್ಲ. ಹುಡುಗಿ ತನ್ನ ಮೈ ಹೇಳಿದ ಹೊತ್ತನ್ನು ಇದ್ದದ್ದು ಇದ್ದ ಹಾಗೆ ತಂದು ಹೇಳಿದ್ದಳು. ಮುಚ್ಚಿಟ್ಟಿದ್ದರೆ ಯಾರಿಗೆ ಗೊತ್ತಾಗುತ್ತಿತ್ತು?

"ಮಧ್ಯಾಹ್ನ ಆಯ್ತು, ಮಹಾರಾಣಿಗೆ ಊಟ ಕೊಟ್ಯಾ?" ಎಂದಳು ಸಮೀಹಾ. "ಕೂತಲ್ಲಿಗೇ ತಟ್ಟೆ ಬರುತ್ತೆ. ನಮ್ಮ ಕಾಲದಲ್ಲಿ ಇಂಥ ಸುಖ ಎಲ್ಲಿತ್ತು?"

"ನಮ್ಮ ಕಾಲದಲ್ಲೂ ಹೀಗೇ ಇತ್ತು, ಸಮೀಹಾ."

"ಇತ್ತು ಬಿಡು. ಮಾತಿಗೆ ಹೇಳಿದೆ."

ನಜ್ಲಾ ಬೇಳೆ ಅನ್ನ, ಮೊಸರು, ಎರಡು ಸೌತೆಕಾಯಿ ತಟ್ಟೆಗೆ ಹಾಕಿಕೊಂಡು ಹಿತ್ತಲು ದಾಟಿದಳು. ಕೋಣೆಯ ಬಾಗಿಲು ತೆರೆದೇ ಇತ್ತು. ಲಿಯಾತ್ ತನ್ನ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕಾಲು ಮಡಚಿ ಕೂತು ಕಿಟಕಿಯಾಚೆ ನೋಡುತ್ತಿದ್ದಳು. ಬೇರೆಯವರು ಮರೆತು ಕೂರದಿರಲೆಂದು ಆ ಕುರ್ಚಿಗೆ ಕೆಂಪು ಟೇಪು ಕಟ್ಟಿತ್ತು. ಅದನ್ನು ಕಟ್ಟಿದ್ದವಳು ನಜ್ಲಾಳೇ, ಹನ್ನೆರಡು ವರ್ಷದ ಹಿಂದೆ, ತನಗಾಗಿ. ಹೆಜ್ಜೆ ಸದ್ದಿಗೆ ಹುಡುಗಿ ಎದ್ದು ಬಂದಳು. ನಜ್ಲಾ ಏನು ಯೋಚಿಸುತ್ತಿದ್ದಳೋ, ತಟ್ಟೆಯನ್ನು ನೇರವಾಗಿ ಅವಳ ಕೈಗೇ ನೀಡಿದಳು.

"ಅಯ್ಯೋ ಅತ್ತೆ, ಕೆಳಗಿಡಿ! ಮುಟ್ಟಿಬಿಡ್ತಿದ್ರಿ." ಲಿಯಾತ್ ಕೈಗಳನ್ನು ಹಿಂದಕ್ಕೆಳೆದುಕೊಂಡು ನಕ್ಕಳು. "ಇವತ್ತು ನಿಮ್ಮನ್ನ ಮೈಲಿಗೆ ಮಾಡಿದ್ರೆ ಸಮೀಹಾ ಅತ್ತೆ ನನ್ನನ್ನ ಕುರಿ ಜೊತೆ ಗುಂಡಿಗೆ ಇಳಿಸ್ತಾರೆ."

ನಜ್ಲಾ ತಟ್ಟೆಯನ್ನು ಹೊಸ್ತಿಲ ಮೇಲಿಟ್ಟಳು. ಮುಟ್ಟಿದ್ದರೂ ಏನೂ ಆಗುತ್ತಿರಲಿಲ್ಲ. ಬೆಟ್ಟದ ಮೇಲೆ ಈ ಹೊತ್ತು ಈ ಹುಡುಗಿಯನ್ನು ಮುಟ್ಟಬಹುದಾದವಳು ಅವಳೊಬ್ಬಳೇ, ಅದು ಗೊತ್ತಿದ್ದವಳೂ ಅವಳೊಬ್ಬಳೇ.

"ಅಮ್ಮನ ಫೋನ್ ಬಂದಿತ್ತು," ಎಂದಳು ಲಿಯಾತ್, ಸೌತೆಕಾಯಿ ಕಚ್ಚುತ್ತಾ. "ಅವಳ ಮನೆ ಹಬ್ಬ ಮುಗಿದು ಆಗಲೇ ವಾರ ಆಯ್ತಂತೆ. 'ಎಲ್ಲಿ ನಿನ್ನ ಹೊಸ ಡ್ರೆಸ್ ಫೋಟೋ? ಇವತ್ತು ಕಳಿಸ್ತೀನಿ ಅಂದಿದ್ಯಲ್ಲ' ಅಂದ್ಲು. ಬರಕ್ಕಾಗಲ್ಲ, ಒಂದು ದಿನ ತಪ್ಪು ಎಣಿಸಿದೆ ಅಂದೆ."

"ತಪ್ಪು ಎಣಿಸಿದೆ ಅಂದ್ಯಾ?"

"ಮತ್ತೆ? ಅವಳಿಗೆ ಸಿಟ್ಟು. 'ಅವರು ನಿನ್ನನ್ನ ಯಾವತ್ತೂ ಒಳಗೆ ಸೇರಿಸಲ್ಲ, ಏನಾದ್ರೂ ಒಂದು ನೆಪ ಹೇಳ್ತಾರೆ' ಅಂತ. ಇಲ್ಲಮ್ಮ, ನಮ್ಮತ್ತೆ ಕಣ್ಣಾರೆ ನೋಡಿದ್ದಾರೆ, ಅವರು ಸುಳ್ಳು ಹೇಳೋರಲ್ಲ ಅಂದೆ." ಹುಡುಗಿ ತಟ್ಟೆಯ ಅಂಚಿಗೆ ಅನ್ನ ಒತ್ತರಿಸಿದಳು. "ನಮ್ಮಜ್ಜಿ ಎಣಿಸೋರು, ಅತ್ತೆ. ಅವರ ಲೆಕ್ಕ ಇನ್ನೂ ಉದ್ದ, ನಿಂತ ಮೇಲೆ ಮತ್ತೆ ಏಳು ದಿನ. ಅಮ್ಮ ಎಣಿಸೋದನ್ನೇ ಬಿಟ್ಳು. ನನಗೆ ಯಾರೂ ಕಲಿಸಲಿಲ್ಲ. ಅದಕ್ಕೇ ಹೀಗಾಯ್ತು. ಫೋನಿಂದ ಜೆರುಸಲೇಮ್ ತೆಗೆದುಹಾಕಿದೆ, ನೋಡಿ. ಮುಂದಿನ ಸಲ ಸರಿಯಾಗಿ ಎಣಿಸ್ತೀನಿ." ಆಮೇಲೆ ಕಿಟಕಿಯತ್ತ ತಿರುಗಿ, "ಇಲ್ಲಿಂದ ಬೆಂಕಿ ಕಾಣುತ್ತಾ?" ಎಂದು ಕೇಳಿದಳು.

"ಬೆಂಕಿ ಕಾಣಲ್ಲ. ಹೊಗೆ ಕಾಣುತ್ತೆ."

"ಅಷ್ಟಾದ್ರೂ ಕಾಣುತ್ತಲ್ಲ."

ಹಿತ್ತಲಿನ ಅಂಜೂರದ ಮರದ ಕೆಳಗೆ ನಜ್ಲಾ ಸ್ವಲ್ಪ ಹೊತ್ತು ನಿಂತಳು. ಹುಡುಗಿ ಅತ್ತಿದ್ದರೆ, ಶಪಿಸಿದ್ದರೆ, ನಿಮ್ಮ ಬೆಟ್ಟವೂ ಬೇಡ ನೀವೂ ಬೇಡ ಎಂದಿದ್ದರೆ ತಡೆದುಕೊಳ್ಳಬಹುದಿತ್ತು. ತಾನು ಕಣ್ಣಾರೆ ಕಂಡ ಬಿಸಿಲನ್ನು ಕಾಣಲಿಲ್ಲವೆಂದು ಅವಳೇ ನಂಬಿಬಿಟ್ಟಿದ್ದಳು. ಅದನ್ನು ಅವಳ ಕಣ್ಣೊಳಗಿಂದಲೇ ಕಿತ್ತುಕೊಂಡಂತಾಗಿತ್ತು. ಆ ನರ್ಸು ಕೂಡ ಅಷ್ಟು ಮಾಡಿರಲಿಲ್ಲ. ಪಡಸಾಲೆಯ ಮೊಳೆಗೆ ತೂಗುಹಾಕಿದ್ದ ತಿಳಿಹಸಿರು ಬಣ್ಣದ ಹೊಸ ಉಡುಪು ಗಾಳಿಗೆ ಅಲುಗಾಡುತ್ತಿತ್ತು. ಲಿಯಾತ್ ಅದನ್ನು ಆರು ದಿನದಿಂದ ದೂರದಲ್ಲೇ ನಿಂತು ನೋಡಿದ್ದಳು.

"ಸಮೀಹಾ, ಹೆಂಚು ಇಳಿಸು," ಎಂದಳು ನಜ್ಲಾ ಒಳಗೆ ಬಂದು. ಬಾಗಿಲಲ್ಲೇ ನಿಂತಳು, ಏನನ್ನೂ ಮುಟ್ಟಲಿಲ್ಲ. "ನನಗೆ ಆಗಿದೆ."

"ಏನಾಗಿದೆ?"

"ಆಗಿದೆ ಅಂದ್ನಲ್ಲ."

ಸಮೀಹಾ ತಿರುವಲು ಮರೆತ ರೊಟ್ಟಿ ಹೆಂಚಿನ ಮೇಲೆ ಹೊಗೆಯಾಡತೊಡಗಿತು. "ನಿನಗಾ? ನಿನಗೆ ನಿಂತು ಹೋಗಿತ್ತಲ್ಲೇ! ನಾನು ಮಿಠಾಯಿ ಹಂಚಿದ್ನಲ್ಲ!" ಆಮೇಲೆ ಅವಳ ಕಣ್ಣು ಬಿಳಿ ಬಟ್ಟೆಯ ಮೇಲಿನ ರೊಟ್ಟಿಗಳ ರಾಶಿಯ ಮೇಲೆ ಬಿತ್ತು. "ಯಾವಾಗ?"

"ಮೊದಲನೇ ಬೋಗುಣಿ ಹೊತ್ತಿಗೆ."

"ಮೊದಲನೇ... ಅಂದ್ರೆ ಎರಡನೇದನ್ನ ಗೊತ್ತಿದ್ದೂ ನಾದಿದ್ಯಾ? ನಿನ್ನ ತಲೆಗೇನಾಗಿದೆ, ಉಮ್ ಯೆಫೆತ್? ಹಬ್ಬದ ದಿನ ಮೂವತ್ತು ರೊಟ್ಟಿ ನಾಯಿಗೆ ಹಾಕಲಾ? ಈ ವಯಸ್ಸಲ್ಲಿ ನಾನು ತಣ್ಣೀರಲ್ಲಿ ಮೀಯ್ಬೇಕು ನಿನ್ನಿಂದ!" ಬೈಯುತ್ತಲೇ ಅವಳು ಹೆಂಚು ಇಳಿಸಿದಳು, ಬೈಯುತ್ತಲೇ ಪಕ್ಕದ ಮನೆಯ ಹೆಣ್ಣುಮಕ್ಕಳನ್ನು ಕೂಗಿದಳು, ಹೊಸ ಹಿಟ್ಟು, ಹೊಸ ಬೋಗುಣಿ, ಹೊಸ ಹೆಂಚು ಎಂದು ಬೀದಿಗೆಲ್ಲ ಕೇಳುವಂತೆ ಹೇಳಿದಳು. ಈ ಬೈಗುಳ ನಜ್ಲಾಗೆ ತಣ್ಣೀರಿನಂತೆ ಹಿತವಾಗಿತ್ತು. ಇದು ಸುಲಭದ್ದು ಎಂದು ಅವಳಿಗೆ ಗೊತ್ತಿತ್ತು. ಕಷ್ಟದ್ದು ಇನ್ನೂ ಬಾಕಿಯಿತ್ತು.

ಗಂಡಸರು ಗುಂಡಿಗೆ ಸೌದೆ ತುಂಬಿ ಬಿಳಿ ಬಟ್ಟೆ ಉಡಲು ಮನೆಗೆ ಬಂದಾಗ ಸೂರ್ಯ ಗುಡ್ಡದ ಮೇಲೆ ಮೂರು ಬೆರಳಗಲ ಇದ್ದ. ಸುದ್ದಿ ಅವರಿಗೆ ದಾರಿಯಲ್ಲೇ ಸಿಕ್ಕಿತ್ತು. ವಾಸಿಫ್ ನಾಚಿಕೆಯೋ ಕನಿಕರವೋ ತಿಳಿಯದ ಮುಖ ಮಾಡಿಕೊಂಡು ಅಂಗಳದ ಆ ತುದಿಯಲ್ಲೇ ನಿಂತ. ನಜ್ಲಾ ಈ ತುದಿಯಿಂದ, ಮಗನನ್ನು ನೋಡುತ್ತಾ ಹೇಳಿದಳು: "ಯೆಫೆತ್, ನಿನ್ನ ಹೆಂಡತಿ ಎಣಿಸಿದ್ದೇ ಸರಿ. ಆ ಮಂಗಳವಾರ ಸೂರ್ಯ ಮುಳುಗಿರಲಿಲ್ಲ. ಅವಳಿಗೆ ಇವತ್ತಿಗೆ ಏಳು. ಮೀಯೋಕೆ ಹೇಳು."

ನಾನು ಸುಳ್ಳು ಹೇಳಿದೆ ಎಂಬ ಮಾತು ಅವಳ ಗಂಟಲವರೆಗೂ ಬಂದಿತ್ತು. ಅದಕ್ಕೆ ಇನ್ನೊಂದು ಉಸಿರು ಸಾಕಾಗಿತ್ತು.

"ಕಣ್ಣು ಮಂಜಾಗಿರಬೇಕು, ಪಾಪ," ಎಂದ ವಾಸಿಫ್. "ಹಾಸಿಗೆ ಬಟ್ಟೆ ಅಡ್ಡ ಇತ್ತು ಅಂದಿದ್ಯಲ್ಲ ಆವತ್ತು?"

"ಹೌದು," ಎಂದಳು ನಜ್ಲಾ. "ಅಡ್ಡ ಇತ್ತು."

ಯೆಫೆತ್ ಆಗಲೇ ಹಿತ್ತಲಿಗೆ ಓಡಿದ್ದ. ಅವನು ಹೊಸ್ತಿಲಲ್ಲಿ ನಿಂತು ಏನೋ ಕೂಗಿದ್ದು, ಒಳಗೆ ಪ್ಲಾಸ್ಟಿಕ್ ಕುರ್ಚಿ ಉರುಳಿದ್ದು ಕೇಳಿಸಿತು. ಆಮೇಲೆ ಬಚ್ಚಲಲ್ಲಿ ನೀರಿನ ಸದ್ದು ಬಹಳ ಹೊತ್ತು. ಸೂರ್ಯ ಎರಡು ಬೆರಳಾದ, ಒಂದು ಬೆರಳಾದ. ಈ ಸಲ ನಜ್ಲಾ ಕಣ್ಣು ತೆಗೆಯದೆ ಅವನು ಪೂರ್ತಿ ಇಳಿಯುವವರೆಗೆ ನೋಡಿದಳು. ಲಿಯಾತ್ ತಿಳಿಹಸಿರು ಉಡುಪಿನಲ್ಲಿ, ನೀರು ತೊಟ್ಟಿಕ್ಕುವ ಕೂದಲಲ್ಲಿ ಹೊರಗೆ ಬಂದು, ಎರಡೂ ತೋಳು ಚಾಚಿ ನೇರ ಅವಳತ್ತಲೇ ಬಂದಳು. ನಜ್ಲಾ ಎರಡು ಹೆಜ್ಜೆ ಹಿಂದೆ ಸರಿದಳು.

"ಮರೆತೇಬಿಟ್ಟೆ," ಎಂದು ಹುಡುಗಿ ನಿಂತುಕೊಂಡಳು. ಅವಳ ಕಣ್ಣು ತುಂಬಿತ್ತು. "ಅತ್ತೆ, ಯಾರು ತಾನೇ ಇಷ್ಟು ಹೇಳ್ತಿದ್ರು? ನೀವಾಗೇ ನೆನಪು ಮಾಡಿಕೊಂಡು ಹೇಳಿದ್ರಲ್ಲ. ಬೇರೆಯವರಾಗಿದ್ರೆ ಸುಮ್ಮನಿರ್ತಿದ್ರು."

"ಹೋಗು, ತಡ ಆಗುತ್ತೆ. ಮೊದಲ ತುಂಡು ಸಮೀಹಾ ಕೈಯಿಂದ ತಗೋ. ಬಾಯಿ ಸುಡುತ್ತೆ, ಊದಿಕೊಂಡು ತಿನ್ನು."

ಮನೆ ಖಾಲಿಯಾಯಿತು. ನಜ್ಲಾ ಹಿಂದಿನ ಕೋಣೆಗೆ ಹೋಗಿ, ಉರುಳಿದ್ದ ಕುರ್ಚಿಯನ್ನು ನೆಟ್ಟಗೆ ಮಾಡಿ, ಕೆಂಪು ಟೇಪನ್ನು ಬಿಗಿದು ಕೂತಳು. ಹಾಸಿಗೆ ಹುಡುಗಿಯ ಸೋಪಿನ ವಾಸನೆ ಹೊಡೆಯುತ್ತಿತ್ತು. ಗೋಡೆಯ ಮೇಲೆ, ಕಿಟಕಿಯ ಪಕ್ಕದ ಹೊಸ ಸುಣ್ಣದಲ್ಲಿ, ಪೆನ್ಸಿಲಿನ ಸಣ್ಣ ಗೀಟುಗಳಿದ್ದವು. ಮೊದಲನೆಯದನ್ನು ಎಳೆದು ಆಮೇಲೆ ಅಡ್ಡಗೀಟಿನಿಂದ ಹೊಡೆದು ಹಾಕಿತ್ತು. ಅದರ ನಂತರ ಆರು ಗೀಟುಗಳು, ಒತ್ತಿ ಒತ್ತಿ ಎಳೆದವು. ಅಂಗಳದ ಕಡೆಯಿಂದ ಯಾಜಕರ ಓದು ತೇಲಿ ಬಂತು, ನಿಂತಿತು, ಆಮೇಲೆ ನೂರಾರು ಗಂಟಲುಗಳ ಕೂಗು ಒಮ್ಮೆಲೇ ಎದ್ದಿತು. ಕತ್ತಿಗಳು ಇಳಿದಿರಬೇಕು. ಸ್ವಲ್ಪ ಹೊತ್ತಿಗೆ ಆಲಿವ್ ಸೌದೆಯ ಹೊಗೆ ಕಿಟಕಿಯಾಚೆ ಕಪ್ಪಾಗುತ್ತಿದ್ದ ಆಕಾಶಕ್ಕೆ ಏರಿತು. ಹುಡುಗಿಗೆ ಹೇಳಿದ್ದು ನಿಜ, ಬೆಂಕಿ ಕಾಣುವುದಿಲ್ಲ. ಊರವರ ಲೆಕ್ಕದಲ್ಲಿ ಅವಳು ಇವತ್ತು ತನ್ನ ತಪ್ಪು ತಾನೇ ಒಪ್ಪಿಕೊಂಡ ಒಳ್ಳೆಯ ಅತ್ತೆ. ಆ ಹೆಸರೂ ಸುಳ್ಳಿನದೇ, ಮೊದಲಿನ ನಗೆಯಂತೆ.

ಇವತ್ತು ಸೋಮವಾರ, ಸೂರ್ಯ ಇದ್ದಾಗಲೇ ಬಂದದ್ದು, ಆದ್ದರಿಂದ ಒಂದು. ಅವಳು ಬೆರಳು ಮಡಚಿದಳು. ಭಾನುವಾರ ಸಂಜೆಗೆ ಏಳು. ಮಿಂದರೆ ಸೋಮವಾರ ನಸುಕಿಗೆ, ಹುಳಿಯಿಲ್ಲದ ರೊಟ್ಟಿಯ ಕೊನೆಯ ದಿನ, ಊರಿನವರ ಜೊತೆ ಬೆಟ್ಟದ ನೆತ್ತಿಗೆ ಯಾತ್ರೆ ಹೋಗಬಹುದು. ಬಾಣಂತನವೋ ಈ ಕೋಣೆಯೋ ತಡೆದ ವರ್ಷಗಳು ಬಿಟ್ಟರೆ ಅವಳು ಅದನ್ನು ತಪ್ಪಿಸಿದವಳಲ್ಲ. ಇಬ್ಬನಿಯಲ್ಲಿ ಬರಿಗಾಲು, ಮುಂದೆ ಗಂಡಸರ ಹಾಡು, ನೆತ್ತಿಯ ಹನ್ನೆರಡು ಪವಿತ್ರ ಕಲ್ಲುಗಳ ಹತ್ತಿರ ಬಿಸಿಲಿನ ಮೊದಲ ಗೆರೆ ಬೀಳುವುದು. ಆ ಭಾನುವಾರ ಸಂಜೆ ಸಮೀಹಾ ಹಿತ್ತಲಲ್ಲಿ ನಿಂತು, ನೀರು ಕಾಯಿಸಿದೆ ಏಳೇ ಎಂದು ಕೂಗುತ್ತಾಳೆ. ಆಗ ನಜ್ಲಾ, ಇಲ್ಲ ಸಮೀಹಾ, ಇವತ್ತಿಗೆ ಆರೇ ಎನ್ನುತ್ತಾಳೆ. ಊರೆಲ್ಲ ನಗುತ್ತದೆ. ಸೊಸೆಗೆ ಲೆಕ್ಕ ಹೇಳಿದವಳಿಗೆ ತನ್ನದೇ ಲೆಕ್ಕ ಬರುವುದಿಲ್ಲ ಎಂದು ಬೆಟ್ಟದ ಪ್ರತಿಯೊಂದು ಮನೆಯಲ್ಲೂ ನಗುತ್ತಾರೆ. ನಗಲಿ; ಹುಡುಗಿಯ ಮೇಲೆ ಹೇರಿದ ಒಂದು ದಿನ ತನ್ನ ಲೆಕ್ಕಕ್ಕೂ ಸೇರಲಿ, ಯಾತ್ರೆ ತಪ್ಪಿದರೆ ತಪ್ಪಲಿ.

ಅವಳು ಕಿಟಕಿಯ ಕಟ್ಟೆಯ ಮೇಲಿದ್ದ ಪೆನ್ಸಿಲ್ ಎತ್ತಿಕೊಂಡಳು. ಹುಡುಗಿಯ ಗೀಟುಗಳ ಕೆಳಗೆ, ಎಂಟು ಗೀಟುಗಳಿಗೆ ಜಾಗ ಸಾಕಾಗುತ್ತದೆಯೇ ಎಂದು ಬೆರಳಿನಿಂದ ಅಳೆದು ನೋಡಿ, ಮೊದಲನೆಯದನ್ನು ಎಳೆದಳು.